ದನಿಗೆ ಹಾಕಿದ ಬೀಗ

1

ಬರೆದಿಟ್ಟದ್ದೇ ಚರಿತ್ರೆ ಅಂತ ಶಾಲೆಯ ಪುಸ್ತಕ ಹೇಳುತ್ತದೆ. ಶಾಸನ, ತಾಳೆಗರಿ, ಕಡತ, ಕಂದಾಯದ ಲೆಕ್ಕ ಇವೇ ಅದರ ಆಧಾರಗಳು. ಹಾಗಾದರೆ ಅಕ್ಷರದ ಹತ್ತಿರ ಸುಳಿಯಗೊಡದೆ ಹೊರಗಿಟ್ಟ ಜನ ತಮ್ಮ ಚರಿತ್ರೆಯನ್ನು ಎಲ್ಲಿ ಇಟ್ಟುಕೊಂಡಿದ್ದರು? ಗಂಟಲಲ್ಲಿ ಇಟ್ಟುಕೊಂಡಿದ್ದರು. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡಿದರು. ದೇವರಗುಡ್ಡರು ಕಂಸಾಳೆ ಬಡಿಯುತ್ತ ಮಾದೇಶ್ವರನನ್ನು ಹಾಡಿದರು. ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡಿದರು. ಆ ಗಂಟಲು ಮಣ್ಣಾದ ದಿನ, ಕಲಿತವರು ಯಾರೂ ಇಲ್ಲದಿದ್ದರೆ, ಆ ಚರಿತ್ರೆಯೂ ಮಣ್ಣಾಯಿತು.

ದನಿಯನ್ನು ಹಿಡಿದಿಡುವ ಯಂತ್ರ ಬಂದ ಮೇಲಾದರೂ ಈ ಅನ್ಯಾಯ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಯಾಕೆ ಅಂದರೆ ದನಿಯನ್ನು ಹಿಡಿಯುವುದು ಒಂದು ಕೆಲಸ, ಹಿಡಿದದ್ದನ್ನು ಕೇಳಿಸುವುದು ಇನ್ನೊಂದು ಕೆಲಸ. ಹಿಡಿದವನ ಯಂತ್ರದಲ್ಲಿ ಮಾತ್ರ ಕೇಳುವ ದನಿ ಬೀಗ ಹಾಕಿದ ದನಿ. ಅದನ್ನು ಎಲ್ಲರ ಮನೆಯ ಯಂತ್ರದಲ್ಲಿ ಕೇಳುವ ಹಾಗೆ ಬದಲಾಯಿಸುವ ಕೆಲಸವನ್ನು ಬರೀ ಮೆಕ್ಯಾನಿಕ್ಕನ ಕೆಲಸ ಅಂದುಕೊಂಡಿದ್ದೇವೆ. ಅದು ಹಾಗಲ್ಲ. ಯಾರ ಕಿವಿಗೆ ಏನು ಬೀಳಬೇಕು ಅನ್ನೋದು ಈ ನಾಡಿನಲ್ಲಿ ಬಹಳ ಹಳೆಯ ಜಗಳ.

ಗೌತಮ ಧರ್ಮಸೂತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಶಿಕ್ಷೆ ಇದೆ. ವೇದವನ್ನು ಕೇಳಿಸಿಕೊಂಡ ಶೂದ್ರನ ಕಿವಿಗೆ ಕರಗಿಸಿದ ತವರ ಮತ್ತು ಅರಗನ್ನು ತುಂಬಬೇಕಂತೆ. ಇಲ್ಲಿ ಶಿಕ್ಷೆ ಕದ್ದ ಕೈಗಲ್ಲ, ಹೇಳಿದ ನಾಲಗೆಗೂ ಅಲ್ಲ, ಕೇಳಿದ ಕಿವಿಗೆ. ಕೇಳುವುದೇ ಅಪರಾಧ ಅಂತ ಬರೆದಿಟ್ಟವರಿಗೆ ಕಿವಿಯ ಬೆಲೆ ಚೆನ್ನಾಗಿ ಗೊತ್ತಿತ್ತು. ಅರಗು ಅನ್ನುವ ಆ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಈ ಚರಿತ್ರೆಯಲ್ಲಿ ಅದು ಇನ್ನೊಂದು ಸಲ ಬರುತ್ತದೆ, ಬೇರೆ ವೇಷದಲ್ಲಿ.

2

ದನಿಯನ್ನು ಮೊದಲು ಹಿಡಿದವನು ಎಡಿಸನ್ ಅಂತ ಎಲ್ಲರೂ ಹೇಳುತ್ತಾರೆ. ಅವನಿಗಿಂತ ಇಪ್ಪತ್ತು ವರ್ಷ ಮೊದಲು, 1857ರಲ್ಲಿ, ಪ್ಯಾರಿಸ್ಸಿನ ಎದುವಾರ್ ಲಿಯೋನ್ ಸ್ಕಾಟ್ ಎಂಬಾತ ಫೋನಾಟೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಆತ ಮುದ್ರಣಾಲಯದ ಕೆಲಸಗಾರ. ಅಚ್ಚುಮೊಳೆ ಜೋಡಿಸುತ್ತ, ವಿಜ್ಞಾನದ ಪುಸ್ತಕಗಳ ಕರಡು ತಿದ್ದುತ್ತ ಬದುಕಿದವನು. ದನಿ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳಬೇಕು ಅನ್ನುವುದು ಅವನ ಆಸೆ. ಒಂದು ಕಹಳೆ, ಅದರ ತುದಿಗೆ ತೆಳು ಚರ್ಮ, ಚರ್ಮಕ್ಕೆ ಅಂಟಿಸಿದ ಹಂದಿಯ ಬಿರುಗೂದಲು. ಬುಡ್ಡಿ ದೀಪದ ಮಸಿ ಹಿಡಿಸಿದ ಕಾಗದ ತಿರುಗುತ್ತಿದ್ದರೆ ಆ ಕೂದಲು ದನಿಯ ಅಲೆಯನ್ನು ಅದರ ಮೇಲೆ ಗೀಚುತ್ತಿತ್ತು. ಮತ್ತೆ ನುಡಿಸುವ ಯೋಚನೆಯೇ ಅವನಿಗೆ ಇರಲಿಲ್ಲ. ಕಣ್ಣಿನಿಂದ ಓದಿದರೆ ಸಾಕು ಅಂದುಕೊಂಡಿದ್ದ. 1877ರಲ್ಲಿ ಎಡಿಸನ್ನನ ಮಾತಾಡುವ ಯಂತ್ರ ಬಂತು, ಲೋಕ ಆ ಕಡೆ ತಿರುಗಿತು. 1879ರಲ್ಲಿ ಸ್ಕಾಟ್ ತೀರಿಕೊಂಡ. ಅವನ ಮಸಿ ಕಾಗದಗಳು ಪ್ಯಾರಿಸ್ಸಿನ ಕಡತಗಳಲ್ಲಿ ಮಲಗಿದವು.

2008ರಲ್ಲಿ ಅಮೆರಿಕದ ಕೆಲವು ಸಂಶೋಧಕರು 1860ರ ಏಪ್ರಿಲ್ 9ರ ಒಂದು ಕಾಗದವನ್ನು ಸೂಕ್ಷ್ಮವಾಗಿ ಚಿತ್ರ ತೆಗೆದು, ಗೀರನ್ನು ಕಂಪ್ಯೂಟರಿನಲ್ಲಿ ಅಳೆದು ದನಿಯಾಗಿ ಮಾಡಿದರು. ಫ್ರಾನ್ಸಿನ ಒಂದು ಜನಪದ ಹಾಡಿನ ಕೆಲವು ಕ್ಷಣ ಕೇಳಿಸಿತು. ಹೆಣ್ಣುಮಗಳೋ ಮಗುವೋ ಹಾಡಿದಂತಿದೆ ಅಂದರು, ಪತ್ರಿಕೆಗಳು ಬರೆದವು. ಮರುವರ್ಷ ಗೊತ್ತಾಯಿತು: ಕಾಲದ ಅಳತೆಯನ್ನು ತಪ್ಪಾಗಿ ತಿಳಿದು ಎರಡು ಪಟ್ಟು ವೇಗದಲ್ಲಿ ನುಡಿಸಿಬಿಟ್ಟಿದ್ದರು. ವೇಗ ಇಳಿಸಿದರೆ ಅದು ಗಂಡಸಿನ ದನಿ. ನಿಧಾನವಾಗಿ, ತಡವರಿಸುತ್ತ ಹಾಡುತ್ತಿರುವ ಆತ ಬಹುಶಃ ಸ್ಕಾಟನೇ.

ಈ ಒಂದು ಘಟನೆಯಲ್ಲಿ ನಮ್ಮ ವಿಷಯದ ಸಾರವೆಲ್ಲ ಇದೆ. ಒಂದು, ದನಿ ನೂರೈವತ್ತು ವರ್ಷ ಮಲಗಿದ್ದರೂ ಸಾಯುವುದಿಲ್ಲ, ಎಬ್ಬಿಸುವವರು ಬೇಕು. ಎರಡು, ಎಬ್ಬಿಸುವವರು ಅಳತೆ ತಪ್ಪಿದರೆ ಹಾಡಿದವನ ಗುರುತೇ ಬದಲಾಗಿಬಿಡುತ್ತದೆ. ಗಂಡಸು ಹೆಂಗಸಾಗುತ್ತಾನೆ, ಮುದುಕ ಮಗುವಾಗುತ್ತಾನೆ. ರೂಪ ಬದಲಾಯಿಸುವವನ ಕೈಯಲ್ಲಿ ಅಷ್ಟು ಅಧಿಕಾರ ಇದೆ.

3

ಎಡಿಸನ್ ಮೊದಲು ತಗಡಿನ ಹಾಳೆ ಬಳಸಿದ, 1888ರ ಹೊತ್ತಿಗೆ ಮೇಣದ ಉರುಳೆಗೆ ಬಂದ. ಉರುಳೆಯ ಮೇಲೆ ಗೀರು ಆಳವಾಗಿ, ಮೇಲಾಗಿ, ಏರಿಳಿಯುತ್ತ ಹೋಗುತ್ತದೆ. ಮುಳ್ಳು ಉಳುಮೆಯ ಹೊಲದಲ್ಲಿ ಗಾಡಿ ಹೋದ ಹಾಗೆ ಕುಣಿಯುತ್ತದೆ. ಎಮಿಲ್ ಬರ್ಲಿನರ್ 1887ರಲ್ಲಿ ಬೇರೆ ದಾರಿ ಹಿಡಿದ. ಅವನ ಗ್ರಾಮಫೋನಿನಲ್ಲಿ ಗೀರು ಎಡಕ್ಕೂ ಬಲಕ್ಕೂ ಹಾವಿನಂತೆ ಬಳುಕುತ್ತದೆ. ಅವನು ಕೊನೆಗೆ ನಿಂತದ್ದು ಚಪ್ಪಟೆ ತಟ್ಟೆಗೆ. ಉರುಳೆಯನ್ನು ತಟ್ಟೆಯ ಯಂತ್ರದಲ್ಲಿ ನುಡಿಸಲಾಗದು, ತಟ್ಟೆಯನ್ನು ಉರುಳೆಯ ಯಂತ್ರದಲ್ಲಿ ನುಡಿಸಲಾಗದು. ಫ್ರಾನ್ಸಿನ ಪಾಥೆ ಕಂಪನಿ ತಟ್ಟೆಯನ್ನೇ ಮಾಡಿದರೂ ಗೀರನ್ನು ಏರಿಳಿತದ್ದೇ ಇಟ್ಟಿತು, ಮೊದಮೊದಲು ಹಾಡನ್ನು ತಟ್ಟೆಯ ನಡುವಿನಿಂದ ಅಂಚಿಗೆ ಓಡಿಸಿತು. ಅದಕ್ಕೆ ಬೇರೆ ಮುಳ್ಳು, ಬೇರೆ ಯಂತ್ರ. ಹಾಡು ಒಂದೇ, ಕಂಪನಿಗೊಂದು ಬೀಗ. ಹಾಡು ಬೇಕಾದವನು ಯಂತ್ರವನ್ನೂ ಅದೇ ಕಂಪನಿಯಿಂದ ಕೊಳ್ಳಬೇಕು. ಬಂಡವಾಳದ ಈ ಬುದ್ಧಿ ಕಂಪ್ಯೂಟರ್ ಕಾಲದಲ್ಲಿ ಹುಟ್ಟಿದ್ದಲ್ಲ, ದನಿಯ ವ್ಯಾಪಾರ ಶುರುವಾದ ದಿನವೇ ಹುಟ್ಟಿದ್ದು.

ನಮ್ಮ ದೇಶದಲ್ಲಿ ಈ ಬೀಗವನ್ನು ಬಹಳ ಮೊದಲೇ ತೆಗೆದವರಲ್ಲಿ ಒಬ್ಬರು ಕಲ್ಕತ್ತೆಯ ಹೇಮೇಂದ್ರ ಮೋಹನ ಬೋಸ್. ಕುಂತಲೀನ್ ಎಂಬ ತಲೆಗೆಣ್ಣೆ ಮಾರುತ್ತಿದ್ದವರು. ಸ್ವದೇಶಿ ಚಳವಳಿಯ ದಿನಗಳಲ್ಲಿ ಹಾಡುಗಳನ್ನು ಮೇಣದ ಉರುಳೆಗಳಲ್ಲಿ ಮುದ್ರಿಸಿಕೊಂಡರು. ರವೀಂದ್ರನಾಥ ಠಾಕೂರರೂ ಅವರ ಯಂತ್ರಕ್ಕೆ ಹಾಡಿದ್ದರು. ಉರುಳೆ ಬೇಗ ಸವೆಯುತ್ತದೆ, ಸಾವಿರ ಪ್ರತಿ ಮಾಡುವುದು ಕಷ್ಟ. ಬೋಸ್ ಪಾಥೆ ಕಂಪನಿಯ ನೆರವಿನಿಂದ ಉರುಳೆಯ ಹಾಡುಗಳನ್ನು ತಟ್ಟೆಗೆ ವರ್ಗಾಯಿಸಿ ಮಾರಿದರು. ಚಳವಳಿಯ ಹಾಡು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ದಾಟಿದ್ದರಿಂದಲೇ ಹೆಚ್ಚು ಕಿವಿಗಳನ್ನು ಮುಟ್ಟಿತು.

ಇನ್ನು ಅರಗಿನ ಮಾತಿಗೆ ಬರೋಣ. ಬರ್ಲಿನರನ ತಟ್ಟೆ 1890ರ ದಶಕದಲ್ಲಿ ಅರಗಿಗೆ ಬಂತು. ಅರಗಿಗೆ ಕಲ್ಲಿನ ಪುಡಿ, ಮಸಿ, ಹತ್ತಿಯ ಎಳೆ ಸೇರಿಸಿ ಕಾಯಿಸಿ ಒತ್ತಿದರೆ ಗ್ರಾಮಫೋನ್ ಪ್ಲೇಟು. ಅರಗು ಎಲ್ಲಿಂದ? ಮುತ್ತುಗ, ಎಲಚಿ ಮರಗಳ ರೆಂಬೆಗೆ ಹತ್ತುವ ಒಂದು ಸಣ್ಣ ಹುಳುವಿನಿಂದ. ರೆಂಬೆ ಕಡಿದು ಅದನ್ನು ಕೆರೆದು ತೆಗೆದವರು ಛೋಟಾ ನಾಗಪುರದ ಕಾಡಿನ ಆದಿವಾಸಿಗಳು. ಲೋಕದ ಗ್ರಾಮಫೋನ್ ಕಂಪನಿಗಳಿಗೆ ಬಹುಪಾಲು ಅರಗು ಹೋದದ್ದು ಭಾರತದಿಂದಲೇ. ಲಂಡನ್ನಿನ ಗ್ರಾಮಫೋನ್ ಕಂಪನಿ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದದ್ದಕ್ಕೆ ನಮ್ಮ ಹಾಡಿನ ಮಾರುಕಟ್ಟೆಯಷ್ಟೇ ಅಲ್ಲ, ಹತ್ತಿರದಲ್ಲಿ ಅರಗು ಸಿಗುತ್ತಿದ್ದುದೂ ಅನುಕೂಲವೇ ಆಗಿತ್ತು.

ಕಿವಿ ಮುಚ್ಚಲು ಶಾಸ್ತ್ರ ಹೇಳಿದ ಅದೇ ಅರಗು ಈಗ ಹಾಡನ್ನು ಹೊತ್ತು ಬೀದಿಯ ಕಿವಿಗೆ ತಂದಿತು. ದೊಡ್ಡ ಮನೆಯ ಕಚೇರಿಯಲ್ಲಿ ಮಾತ್ರ ಕೇಳುತ್ತಿದ್ದ ಸಂಗೀತ ಹೋಟೆಲಿನ ಬಾಗಿಲಲ್ಲಿ ನಿಂತವನಿಗೂ ಕೇಳಿಸಿತು. ಆ ಮೊದಲ ತಟ್ಟೆಗಳಿಗೆ ಹಾಡಿದವರು ಯಾರು ಅನ್ನುವುದನ್ನೂ ನೋಡಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಮರ್ಯಾದಸ್ತ ಸಮಾಜ ದೂರ ಇಟ್ಟಿದ್ದ ತವಾಯಿಫರು, ದೇವದಾಸಿಯರು. ಆದರೆ ಅರಗು ಕೆರೆದ ಆದಿವಾಸಿಯ ಹಾಡನ್ನು ಕೇಳುವವರು ಆ ಮಾರುಕಟ್ಟೆಯಲ್ಲಿ ಇರಲಿಲ್ಲ. ತಟ್ಟೆಯ ಒಳಗೆ ಅವನ ಬೆವರು ಇತ್ತು, ಮೇಲಿನ ಗೀರು ಬೇರೆಯವರದು.

4

ಮಾರುಕಟ್ಟೆಗೆ ಬೇಡವಾದ ದನಿಗಳನ್ನು ಹುಡುಕಿಕೊಂಡು ಹೋದವರು ಇನ್ನೊಂದು ಗುಂಪು: ಮಾನವಶಾಸ್ತ್ರದ ಪಂಡಿತರು, ಭಾಷಾಶಾಸ್ತ್ರಜ್ಞರು, ಸರ್ಕಾರದ ಅಧಿಕಾರಿಗಳು.

1890ರ ಮಾರ್ಚಿಯಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ಅಮೆರಿಕದ ವಿದ್ವಾಂಸ ಮೇಣದ ಉರುಳೆಯ ಯಂತ್ರ ಹೊತ್ತು ಮೇನ್ ರಾಜ್ಯದ ಕ್ಯಾಲೆ ಎಂಬ ಊರಿಗೆ ಹೋದ. ಅಲ್ಲಿನ ಪಾಸಮಕ್ವೋಡಿ ಮೂಲನಿವಾಸಿಗಳಿಂದ ಹಾಡು, ಕಥೆ, ಮಾತುಗಳನ್ನು ಹಿಡಿದ. ಜನರಿರುವ ಜಾಗಕ್ಕೇ ಹೋಗಿ ಮಾಡಿದ ಧ್ವನಿಮುದ್ರಣಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಹಾಡಿದವರು ನೋಯೆಲ್ ಜೋಸೆಫ್ಸ್, ಪೀಟರ್ ಸೆಲ್ಮೋರ್ ಮೊದಲಾದವರು. ಫ್ಯೂಕ್ಸನ ಮುಖ್ಯ ಉದ್ದೇಶ ಏನಿತ್ತು ಗೊತ್ತೆ? ಮುಂದೆ ನೈಋತ್ಯದ ಬುಡಕಟ್ಟುಗಳ ಕಡೆ ಹೋಗಬೇಕಿತ್ತು, ಅದಕ್ಕೆ ಮೊದಲು ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕಿತ್ತು. ಒಂದು ಜನಾಂಗದ ಹಾಡು ಅವನಿಗೆ ಯಂತ್ರ ಪರೀಕ್ಷೆಯ ಸಾಮಗ್ರಿ. ಉಳಿದ 31 ಉರುಳೆಗಳು ಹಾರ್ವರ್ಡಿನ ಮ್ಯೂಸಿಯಂ ಸೇರಿ, ಆಮೇಲೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಹಾಡಿದವರ ಮೊಮ್ಮಕ್ಕಳು ಅದನ್ನು ಕೇಳಲಿಲ್ಲ.

1911ರಲ್ಲಿ ಕ್ಯಾಲಿಫೋರ್ನಿಯಾದ ಒರೋವಿಲ್ ಎಂಬಲ್ಲಿ ಒಬ್ಬ ಮನುಷ್ಯ ಕಾಡಿನಿಂದ ಹೊರಗೆ ಬಂದ. ಬಿಳಿಯರ ಕೊಲೆಗಳಿಂದ ಅಳಿದುಹೋದ ಯಾಹಿ ಜನರಲ್ಲಿ ಉಳಿದ ಕೊನೆಯವನು ಅಂತ ಅವನನ್ನು ಕರೆದರು. ಅವನು ತನ್ನ ಹೆಸರು ಹೇಳಲಿಲ್ಲ, ಪಂಡಿತರು ಇಶಿ ಅಂತ ಹೆಸರಿಟ್ಟರು. ಅವನ ಭಾಷೆಯಲ್ಲಿ ಹಾಗಂದರೆ ಮನುಷ್ಯ ಅಂತ ಅರ್ಥ. ಮ್ಯೂಸಿಯಮ್ಮಿನಲ್ಲೇ ಅವನ ವಾಸ. 1916ರಲ್ಲಿ ಕ್ಷಯದಿಂದ ಸತ್ತ. ಸಾಯುವ ಮೊದಲು ಮೇಣದ ಉರುಳೆಗಳಿಗೆ ಗಂಟೆಗಟ್ಟಲೆ ಕಥೆ ಹೇಳಿದ್ದ. ಆ ಮಾತನ್ನು ಪೂರ್ತಿ ಬಲ್ಲ ಇನ್ನೊಬ್ಬ ಮನುಷ್ಯ ಭೂಮಿಯ ಮೇಲೆ ಇರಲಿಲ್ಲ.

ನಮ್ಮ ಕಡೆಗೂ ಯಂತ್ರ ಬಂತು. ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆಗೆ ಜೊತೆಯಾಗಿ 1913ರಿಂದ 1929ರ ತನಕ 97 ಭಾಷೆ ಮತ್ತು ಉಪಭಾಷೆಗಳ ಮಾದರಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದರು. ಹೇಳಿಸಿದ್ದು ಹೆಚ್ಚಾಗಿ ಒಂದೇ ಕಥೆ, ಬೈಬಲ್ಲಿನಲ್ಲಿ ಬರುವ ಮನೆ ಬಿಟ್ಟು ಹೋದ ಮಗನ ಕಥೆ. ಹೋಲಿಸಿ ನೋಡಲು ಅನುಕೂಲ ಅಂತ. ಜೊತೆಗೆ ಅವರವರದೇ ಒಂದು ಕಥೆಯೋ ಹಾಡೋ. ತಟ್ಟೆಗಳು ಲಂಡನ್ನಿಗೆ ಹೋದವು, ಸಂಸ್ಥೆಗಳಿಗೆ ಹಂಚಿಕೆಯಾದವು. ಹೊಸದಾಗಿ ಬರುವ ಬಿಳಿಯ ಅಧಿಕಾರಿಗಳಿಗೆ ಪ್ರಜೆಗಳ ಮಾತು ಕಲಿಸಲೂ ಇವು ಉಪಯೋಗ ಅನ್ನುವ ಲೆಕ್ಕಾಚಾರ ಇತ್ತು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರಿಗಾಗಿ ಕಾದಾಡಿ ಜರ್ಮನರ ಸೆರೆ ಸಿಕ್ಕ ನಮ್ಮ ಸಿಪಾಯಿಗಳ ದನಿಯನ್ನು ಬರ್ಲಿನ್ ಹತ್ತಿರದ ವೂನ್ಸ್‌ಡೋರ್ಫ್ ಶಿಬಿರದಲ್ಲಿ ಹಿಡಿದರು. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ಕಹಳೆಯ ಮುಂದೆ ನಿಂತು ತನ್ನ ಕಥೆಯನ್ನೇ ಯಾರದೋ ಕಥೆಯೆಂಬಂತೆ ಹೇಳಿದ. ಊರಲ್ಲಿ ಬೆಣ್ಣೆ ತಿಂದುಕೊಂಡು ಇದ್ದವನು ಈ ಯುದ್ಧಕ್ಕೆ ಬಂದು ಬಿದ್ದ, ಊರಿಗೆ ಹೋಗಬೇಕು ಅನ್ನುತ್ತಾನೆ ಅಂತ. ಪಂಡಿತರಿಗೆ ಬೇಕಿದ್ದದ್ದು ಅವನ ಉಚ್ಚಾರಣೆ. ಅವನ ಸಂಕಟವೂ ತಟ್ಟೆಯೊಳಗೆ ಹೋಯಿತು, ಬರ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ತೊಂಬತ್ತು ವರ್ಷ ಮಲಗಿತು. ಹೆಚ್ಚಿನ ಜನ ಅದನ್ನು ಕೇಳಿದ್ದು 2007ರಲ್ಲಿ, ಜರ್ಮನಿಯ ನಿರ್ದೇಶಕ ಫಿಲಿಪ್ ಶೆಫ್ನರ್ ಆ ದನಿಗಳ ಬಗ್ಗೆ ಚಿತ್ರ ಮಾಡಿದ ಮೇಲೆ.

ಈ ನಾಲ್ಕೂ ಕಡೆ ನಡೆದದ್ದು ಒಂದೇ. ದನಿ ಕೊಟ್ಟವರಿಗೆ ಯಂತ್ರ ಇರಲಿಲ್ಲ, ಯಂತ್ರ ಇದ್ದವರಿಗೆ ಆ ದನಿಯ ಅರ್ಥ ಬೇಕಿರಲಿಲ್ಲ.

5

ಮೇಣದ ಉರುಳೆಯಿಂದ ದನಿ ತೆಗೆಯುವುದು ಸುಲಭ ಅಲ್ಲ. ಒಂದು ಉರುಳೆ ಎರಡು ಮೂರು ನಿಮಿಷದ್ದು. ಹಳೆಯ ಯಂತ್ರದ ಭಾರದ ಮುಳ್ಳು ಪ್ರತಿ ಸಲವೂ ಒಂದಿಷ್ಟು ಮೇಣ ಕೆರೆದುಕೊಂಡು ಹೋಗುತ್ತದೆ, ಕೇಳಿದಷ್ಟೂ ಅಳಿಸುತ್ತದೆ. ಮೇಣಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಗೀರನ್ನೇ ತಿನ್ನುತ್ತದೆ. ಕೈಜಾರಿದರೆ ಒಡೆಯುತ್ತದೆ. ಯಾವ ವೇಗದಲ್ಲಿ ಮುದ್ರಿಸಿದರು ಅನ್ನುವುದನ್ನು ಬರೆದಿಡದಿದ್ದರೆ ಸ್ಕಾಟನಿಗೆ ಆದ ಗತಿಯೇ.

ಅಮೆರಿಕದಲ್ಲಿ 1979ರಲ್ಲಿ ಫೆಡರಲ್ ಸಿಲಿಂಡರ್ ಪ್ರಾಜೆಕ್ಟ್ ಎಂಬ ಕೆಲಸ ಶುರುವಾಯಿತು. ಸಾವಿರಾರು ಉರುಳೆಗಳನ್ನು ಟೇಪಿಗೆ ವರ್ಗಾಯಿಸಿ, 1980ರ ದಶಕದಲ್ಲಿ ಕ್ಯಾಸೆಟ್ ಮಾಡಿ ಆಯಾ ಬುಡಕಟ್ಟಿನವರಿಗೆ ಕೊಟ್ಟರು. ಪಾಸಮಕ್ವೋಡಿಗಳಿಗೂ ಕ್ಯಾಸೆಟ್ ಬಂತು. ಬರೀ ಗರಗರ ಸದ್ದು, ಅದರ ಹಿಂದೆ ಎಲ್ಲೋ ಒಂದು ದನಿ. ಆದರೂ ತೊಂಬತ್ತು ವರ್ಷದ ಮೇಲೆ ಹಾಡು ಊರಿಗೆ ಬಂದಿತ್ತು. 2010ರ ದಶಕದಲ್ಲಿ ಅದೇ ಉರುಳೆಗಳನ್ನು ಹೊಸ ಸಾಧನಗಳಿಂದ ಮತ್ತೆ ಓದಿಸಿ ಶುಚಿ ಮಾಡಿದ ಮೇಲೆ ಮಾತುಗಳು ಬಿಡಿಸಿ ಕೇಳಿದವು. ಆ ಭಾಷೆ ಬಲ್ಲ ಹಿರಿಯರು ಕೂತು ಸಾಲು ಸಾಲಾಗಿ ಬರೆದುಕೊಂಡರು.

ಮುಟ್ಟದೆ ಓದುವ ದಾರಿಯೂ ಬಂತು. ಬರ್ಕ್ಲಿಯ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಎಂಬ ಭೌತವಿಜ್ಞಾನಿ, ಅಣುವಿಗಿಂತ ಸಣ್ಣ ಕಣಗಳ ಜಾಡು ಹಿಡಿಯುವ ಉಪಕರಣಗಳ ಮೇಲೆ ಕೆಲಸ ಮಾಡುತ್ತಿದ್ದವರು, ಅದೇ ಬಗೆಯ ಅಳತೆಯಿಂದ ಗೀರುಗಳ ಚಿತ್ರ ತೆಗೆದು ದನಿ ಲೆಕ್ಕ ಹಾಕಬಹುದು ಅಂತ ತೋರಿಸಿದರು. ಮುಳ್ಳೇ ಬೇಡ. ಒಡೆದ ಉರುಳೆಯ ಚೂರುಗಳನ್ನೂ ಓದಬಹುದು. ಸ್ಕಾಟನ ಮಸಿ ಕಾಗದ ಮಾತಾಡಿದ್ದೂ ಇದೇ ಪ್ರಯೋಗಾಲಯದ ನೆರವಿನಿಂದ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಸುಮಾರು 2,700 ಉರುಳೆಗಳನ್ನು ಹೀಗೆ ಓದಿಸುವ ಕೆಲಸ 2010ರ ದಶಕದಲ್ಲಿ ಕೈಗೊಂಡರು. ಇಶಿಯ ದನಿ ಆ ಸಂಗ್ರಹದಲ್ಲಿದೆ.

ನಮ್ಮ ಸೀಮೆಗೆ ನೇರವಾಗಿ ಸಂಬಂಧಪಟ್ಟ ಪ್ರಕರಣ ಆರ್ನಾಲ್ಡ್ ಬಾಕೆಯದು. 1899ರಲ್ಲಿ ಹುಟ್ಟಿದ ಈ ಡಚ್ ವಿದ್ವಾಂಸ ಶಾಂತಿನಿಕೇತನದಲ್ಲಿ ಕಲಿತು ದೇಶವೆಲ್ಲ ಸುತ್ತಿ ಹಾಡು ಹಿಡಿದವರು. ಮೊದಲು ಮೇಣದ ಉರುಳೆ, ಆಮೇಲೆ ಟೆಫಿ ಎಂಬ ಜರ್ಮನ್ ಯಂತ್ರ. ಟೆಫಿಯಲ್ಲಿ ಸಿನಿಮಾ ಫಿಲ್ಮಿನಂತಹ ಪಟ್ಟಿಯ ಮೇಲೆ ಮುಳ್ಳು ಗೀರು ಹಾಕುತ್ತದೆ. ಒಂದೇ ಪಟ್ಟಿಯಲ್ಲಿ ಬಹಳ ಹೊತ್ತು ಹಿಡಿಯಬಹುದು. ಅನುಕೂಲವೇನೋ ಇತ್ತು, ಆದರೆ ಆ ಕಂಪನಿಯ ಯಂತ್ರ ಇಲ್ಲದೆ ಆ ಪಟ್ಟಿ ಬರೀ ಪ್ಲಾಸ್ಟಿಕ್ಕಿನ ಸುರುಳಿ. 1938ರಲ್ಲಿ ಬಾಕೆ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ಹಾಡು, ಕುಣಿತಗಳನ್ನು ಹಿಡಿದರು. 1963ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹಾಡುಗಳು ವಿದೇಶದಲ್ಲೇ ಉಳಿದವು.

ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್, ಜೊತೆಗೆ ಏಮಿ ಕ್ಯಾಟ್ಲಿನ್, 1984ರಲ್ಲಿ ಆ ದನಿಗಳ ಪ್ರತಿ ಹಿಡಿದುಕೊಂಡು ಮೂರೂ ರಾಜ್ಯಗಳಲ್ಲಿ ಬಾಕೆ ಹೋಗಿದ್ದ ಜಾಗಗಳಿಗೆ ಮತ್ತೆ ಬಂದರು. ಅಲ್ಲಿನ ಜನರಿಗೆ ಕೇಳಿಸಿದರು, ಏನು ಉಳಿದಿದೆ, ಏನು ಬದಲಾಗಿದೆ ಅಂತ ಕೇಳಿ ಬರೆದರು. ನಲವತ್ತಾರು ವರ್ಷದ ಮೇಲೆ ಹಾಡು ಊರಿಗೆ ಬಂದದ್ದು ಟೆಫಿಯ ಪಟ್ಟಿಯಾಗಿ ಅಲ್ಲ, ಎಲ್ಲರಿಗೂ ಗೊತ್ತಿರುವ ಟೇಪಾಗಿ. ಇದೇ ಜೈರಾಜ್‌ಭಾಯ್ ಮುಂದೆ ನಿಂತು 1982ರಲ್ಲಿ ಸ್ಥಾಪಿಸಿದ ಸಂಗೀತ ಸಂಗ್ರಹಾಲಯವೊಂದು ದೆಹಲಿಯ ಪಕ್ಕದ ಗುರುಗ್ರಾಮದಲ್ಲಿದೆ. ವಿದೇಶಿ ಸಂಶೋಧಕರು ಇಲ್ಲಿ ಹಿಡಿದುಕೊಂಡು ಹೋದ ದನಿಗಳ ಪ್ರತಿಗಳನ್ನು ವಾಪಸ್ ತರುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಕಬ್ಬಿಣದ ಅದಿರು ಹೋದರೆ ಲೆಕ್ಕ ಕೇಳುತ್ತೇವೆ. ಹಾಡು ಹೋದದ್ದರ ಲೆಕ್ಕವನ್ನೂ ಕೇಳಬಹುದು ಅಂತ ತೋರಿಸಿಕೊಟ್ಟ ಕೆಲಸ ಇದು.

6

ಕ್ಯಾಸೆಟ್ ಯಾಕೆ ಎಲ್ಲರದ್ದಾಯಿತು? ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದು, ಸ್ವಲ್ಪ ಕಾಲದಲ್ಲೇ ಬೇರೆ ಕಂಪನಿಗಳೂ ಶುಲ್ಕವಿಲ್ಲದೆ ಅದೇ ಅಳತೆಯಲ್ಲಿ ಮಾಡಲು ಒಪ್ಪಿತು. ಬೀಗ ಇಲ್ಲದ್ದರಿಂದಲೇ ಲೋಕವೆಲ್ಲ ಹಬ್ಬಿತು. ನಮ್ಮಲ್ಲಿ ಒಂದೇ ಗ್ರಾಮಫೋನ್ ಕಂಪನಿ ಯಾರು ಹಾಡಬೇಕು ಅಂತ ತೀರ್ಮಾನ ಮಾಡುತ್ತಿದ್ದ ಕಾಲ ಹೋಯಿತು. 1980ರ ದಶಕದಲ್ಲಿ ಸಣ್ಣ ಪಟ್ಟಣದವನೂ ಕ್ಯಾಸೆಟ್ ಮಾಡಿ ಸಂತೆಯಲ್ಲಿ ಮಾರಿದ. ತತ್ವಪದ, ಗೀಗೀಪದ, ಹೋರಾಟದ ಹಾಡು ಎಲ್ಲ ಬಂದವು.

ಆಮೇಲೆ ಕಂಪ್ಯೂಟರು ಬಂತು, ಬೀಗವೂ ಹಿಂದೆಯೇ ಬಂತು. ಸೋನಿ ಕಂಪನಿಯ ಮಿನಿಡಿಸ್ಕು 1992ರದು. ಮೈಕು ಚುಚ್ಚಿ ಚೆನ್ನಾಗಿ ಮುದ್ರಿಸಬಹುದಿತ್ತು, ಕ್ಷೇತ್ರಕಾರ್ಯದವರು ಬಹಳ ಮೆಚ್ಚಿದರು. 2001ರಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ ಬಂತು. ಏನು ದಾರಿ? ಹಾಡು ಕಂಪ್ಯೂಟರಿನಿಂದ ಡಿಸ್ಕಿನೊಳಗೆ ಹೋಗಬಹುದು, ನೀವೇ ಮುದ್ರಿಸಿದ್ದು ಡಿಸ್ಕಿನಿಂದ ಹಾಗೇ ನೇರವಾಗಿ ಹೊರಗೆ ಬರುವಂತಿಲ್ಲ. ಹಳೆಯ ಡಿಸ್ಕುಗಳಿಂದ ಹೀಗೆ ತೆಗೆಯಲು ಸೋನಿ ಒಂದು ಯಂತ್ರ ಕೊಟ್ಟದ್ದು 2006ರಲ್ಲಿ. ಇನ್ನೊಂದು ಡಿಎಸ್‌ಎಸ್ ಅಂತ ಇದೆ. ಗೆಳೆಯರು ಬೆಚ್ಚಬೇಕಾಗಿಲ್ಲ, ಇದು ನಮ್ಮ ಸಂಘರ್ಷ ಸಮಿತಿ ಅಲ್ಲ. ಆಫೀಸುಗಳಲ್ಲಿ ಸಾಹೇಬರು ಪತ್ರ ಹೇಳಿ ಬರೆಸುವ ಯಂತ್ರಕ್ಕೆಂದು ಗ್ರುಂಡಿಗ್, ಒಲಿಂಪಸ್, ಫಿಲಿಪ್ಸ್ ಕಂಪನಿಗಳು 1990ರ ದಶಕದಲ್ಲಿ ಮಾಡಿಕೊಂಡ ಫೈಲಿನ ರೂಪ. ಹಳೆಯ ಮೊಬೈಲುಗಳು ಎಎಂಆರ್ ಎಂಬ ರೂಪದಲ್ಲಿ ದನಿ ಹಿಡಿಯುತ್ತಿದ್ದವು. ಅದು ಸೆಕೆಂಡಿಗೆ 8,000 ಸಲ ಮಾತ್ರ ದನಿಯನ್ನು ಅಳೆಯುತ್ತದೆ. ಫೋನಿನ ಮಾತಿಗೆ ಸಾಕು, ಕಂಸಾಳೆಯ ಕಂಚಿನ ನಾದಕ್ಕೆ ಸಾಲದು. ಆ ಮೇಲಿನ ನಾದ ಮುದ್ರಣವಾಗುವಾಗಲೇ ಹೋಗಿರುತ್ತದೆ, ಮುಂದೆ ಯಾವ ರೂಪಕ್ಕೆ ಬದಲಾಯಿಸಿದರೂ ವಾಪಸ್ ಬರುವುದಿಲ್ಲ.

ಎಲ್ಲರಿಗೂ ಪರಿಚಯವಾದ ಎಂಪಿ3 ಕೂಡ ಹೀಗೇ ಆರಿಸಿ ಬಿಡುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ರೂಪುಗೊಂಡ ಈ ವಿದ್ಯೆ, ಕಿವಿಗೆ ಕೇಳದು ಅಂತ ತೀರ್ಮಾನಿಸಿದ ಭಾಗವನ್ನು ತೆಗೆದು ಫೈಲನ್ನು ಚಿಕ್ಕದು ಮಾಡುತ್ತದೆ. ಅದನ್ನು ಹದಕ್ಕೆ ತರಲು ಬಳಸಿದ ಹಾಡುಗಳಲ್ಲಿ ಒಂದು ಅಮೆರಿಕದ ಸುಝಾನ್ ವೇಗಾ ವಾದ್ಯವಿಲ್ಲದೆ ಹಾಡಿದ್ದು. ಅರೆಯ ಸದ್ದು ಆ ಪರೀಕ್ಷೆಗೆ ಕೂತಿರಲಿಕ್ಕಿಲ್ಲ. ಆದರೂ ಎಂಪಿ3 ಎಲ್ಲ ಯಂತ್ರದಲ್ಲೂ ಕೇಳುತ್ತದೆ, 2017ರಲ್ಲಿ ಅದರ ಪೇಟೆಂಟ್ ಶುಲ್ಕದ ವ್ಯವಸ್ಥೆಯೂ ಮುಗಿಯಿತು. ಹಂಚುವುದಕ್ಕೆ ಅದೇ ಒಳ್ಳೆಯದು, ಇಡುವುದಕ್ಕೆ ಅಲ್ಲ.

ಈ ಡಿಜಿಟಲ್ ಬೀಗಗಳನ್ನು ತೆಗೆದವರು ಯಾರು? ಸಂಬಳವಿಲ್ಲದೆ ದುಡಿದ ನೂರಾರು ಜನ. 2000ದಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಕ್ಕೆ ಲೋಕದ ಅನೇಕ ಕಡೆಯವರು ಕೈ ಸೇರಿಸಿದರು. ಕಂಪನಿಗಳು ಗುಟ್ಟು ಬಿಟ್ಟುಕೊಡದಿದ್ದಾಗ ಫೈಲುಗಳನ್ನೇ ಬಿಚ್ಚಿ ನೋಡಿ, ಹೀಗೆ ಇಟ್ಟಿರಬೇಕು ಅಂತ ಲೆಕ್ಕ ಹಾಕಿ ಬರೆದರು. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ತೊಡಗಿದ ಕೆಲಸದಿಂದ ವಿಎಲ್‌ಸಿ ಹುಟ್ಟಿತು. ಎರಡಕ್ಕೂ ಕಾಸಿಲ್ಲ. ವಿಚಿತ್ರ ಹೆಸರಿನ ಹಳೆಯ ಫೈಲುಗಳಲ್ಲಿ ಹೆಚ್ಚಿನವನ್ನು ಇವು ಓದುತ್ತವೆ, ಸಾಮಾನ್ಯ ರೂಪಕ್ಕೆ ಬದಲಾಯಿಸಿ ಕೊಡುತ್ತವೆ. ಕಲಿತದ್ದನ್ನು ಮುಚ್ಚಿಟ್ಟುಕೊಳ್ಳುವುದು ಪುರೋಹಿತಶಾಹಿಯ ಗುಣ. ಕಲಿತದ್ದನ್ನು ಬಯಲಿಗಿಟ್ಟ ಈ ಜನ ಅದಕ್ಕೆ ಉತ್ತರ.

7

ಇಷ್ಟು ಹೇಳಿದ ಮೇಲೆ ಎಲ್ಲ ದನಿಯೂ ಎಲ್ಲರ ಕಿವಿಗೂ ಬೀಳಲಿ ಅಂತ ಮುಗಿಸಿಬಿಡಬಹುದು. ಆದರೆ ಪಾಸಮಕ್ವೋಡಿ ಜನ ನಮಗೆ ಇನ್ನೊಂದು ಪಾಠ ಹೇಳಿದ್ದಾರೆ. ಹಾಡು ಶುಚಿಯಾಗಿ ವಾಪಸ್ ಬಂದ ಮೇಲೆ ಯಾವುದು ಹೊರಗಿನವರು ಕೇಳಬಹುದಾದದ್ದು, ಯಾವುದು ತಮ್ಮೊಳಗೇ ಇರಬೇಕಾದದ್ದು ಅನ್ನುವುದನ್ನು ಅವರೇ ಕೂತು ತೀರ್ಮಾನಿಸಿದರು. 2018ರ ಹೊತ್ತಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಲ್ಲಿ ಹಾಡುಗಳಿಗೆ ಅವರ ಭಾಷೆಯದೇ ಹೆಸರು ಬಂತು. ಜೊತೆಗೆ ಅವರ ಷರತ್ತು ಹೇಳುವ ಚೀಟಿಯೂ ಅಂಟಿತು: ನಮ್ಮ ಹೆಸರು ಹೇಳಬೇಕು, ಕಲಿಸಲು ಬಳಸಬಹುದು, ಮಾರಿ ದುಡ್ಡು ಮಾಡಬಾರದು.

ಇದೂ ಬೀಗ ತಾನೇ ಅಂತ ಯಾರಾದರೂ ಕೇಳಬಹುದು. ಬೀಗ ಹೌದು. ಆದರೆ ಗೌತಮನ ಅರಗಿಗೂ ಇದಕ್ಕೂ ಭೂಮಿ ಆಕಾಶದ ಅಂತರ. ಅಲ್ಲಿ ಉಳ್ಳವನು ಇಲ್ಲದವನ ಕಿವಿ ಮುಚ್ಚಿದ. ಇಲ್ಲಿ ಕಳೆದುಕೊಂಡವರು ತಮ್ಮ ಮನೆಯ ಬಾಗಿಲ ಬೀಗದ ಕೈ ತಾವೇ ಇಟ್ಟುಕೊಂಡರು. ಪ್ರಶ್ನೆ ಬೀಗ ಇದೆಯೋ ಇಲ್ಲವೋ ಅನ್ನುವುದಲ್ಲ, ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನುವುದು.

ನಮ್ಮಲ್ಲೂ ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಸಾವಿಗೆ, ಜಾತ್ರೆಗೆ ಬಿಟ್ಟಿಯಾಗಿ ಬಡಿಯಬೇಕಾಗಿದ್ದ ತಮಟೆಯನ್ನು ಇನ್ನು ಬಡಿಯುವುದಿಲ್ಲ ಅಂತ ಕೆಳಗಿಟ್ಟವರು ನಮ್ಮವರು. ಅದೇ ತಮಟೆಯನ್ನು ಮೆರವಣಿಗೆಯಲ್ಲಿ ಎತ್ತಿಕೊಂಡವರೂ ನಮ್ಮವರೇ. ಯಾವ ಸದ್ದು ಅವಮಾನ, ಯಾವ ಸದ್ದು ಅಭಿಮಾನ ಅನ್ನುವುದನ್ನು ಬಡಿಯುವ ಕೈ ಹೇಳಬೇಕು, ಮೈಕು ಹಿಡಿದವನಲ್ಲ.

ಹಳ್ಳಿಯ ಮೇಷ್ಟ್ರುಗಳು, ಕಾಲೇಜಿನ ಹುಡುಗರು, ಸಂಘದ ಕಾರ್ಯಕರ್ತರು ಮೂವತ್ತು ನಲವತ್ತು ವರ್ಷಗಳಿಂದ ಹಿಡಿದ ದನಿಗಳು ಟ್ರಂಕಿನ ಕ್ಯಾಸೆಟ್ಟಿನಲ್ಲಿ, ಕೆಟ್ಟ ಮೊಬೈಲಿನ ಕಾರ್ಡಿನಲ್ಲಿ ಈಗಲೂ ಇವೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿದೆ, ಕಾರ್ಡು ಒಂದು ದಿನ ಸುಮ್ಮನೆ ಸಾಯುತ್ತದೆ. ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೂಲ ಫೈಲನ್ನು ಅಳಿಸಬಾರದು. ಫೈಲಿನ ಹೆಸರಿನ ಬಾಲ ಬದಲಾಯಿಸಿದರೆ ರೂಪ ಬದಲಾಗುವುದಿಲ್ಲ, ಒಳಗಿನದು ಹಾಗೇ ಇರುತ್ತದೆ, ತಂತ್ರಾಂಶದಲ್ಲೇ ಬದಲಾಯಿಸಬೇಕು. ಇಡುವುದಕ್ಕೆ ವೇವ್ ರೂಪದ ಒಂದು ಪ್ರತಿ, ಹಂಚುವುದಕ್ಕೆ ಎಂಪಿ3 ಒಂದು ಪ್ರತಿ. ಒಂದೊಂದು ಪ್ರತಿ ಬೇರೆ ಬೇರೆ ಮನೆಯಲ್ಲಿರಲಿ. ಹಾಡಿದವರ ಹೆಸರು, ಊರು, ವರ್ಷ, ಹಾಡಿದ ಸಂದರ್ಭ ಬರೆದಿಡಬೇಕು. ಹೆಸರಿಲ್ಲದ ದನಿಗೆ ಮುಂದೆ ಯಾರ ಹೆಸರು ಬೇಕಾದರೂ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು. ಬದಲಾಯಿಸಿದ ಮೊದಲ ಪ್ರತಿ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಹೋಗಬಾರದು. ಹಾಡಿದವರ ಮನೆಗೆ ಹೋಗಬೇಕು. ಹಾಡಿದವರು ಇಲ್ಲದಿದ್ದರೆ ಅವರ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಆ ಕೇರಿಗೆ. ಅವರ ಮೊಬೈಲಿನಲ್ಲಿ ಅದು ಕೇಳಿಸಬೇಕು, ಕೇಳಿದ ಮೇಲೆ ಮುಂದೇನು ಅಂತ ಅವರೇ ಹೇಳಬೇಕು.